ಅವನ ಹೆಸರು ನಿಷೇಧ ಪಟ್ಟಿಗೆ ಸೇರಿತೇ? ಮಗಳಿಗೆ ಏನು ಹೇಳಲಿ?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು 11 ವರ್ಷ ಆಯಿತು. ಮಗಳಿಗೆ ಈಜು ಕಲಿಸುತ್ತಿದ್ದ ಕೋಚ್ ಅವಳ ಜೊತೆ ಕೆಟ್ಟದಾಗಿ ನಡೆದುಕೊಂಡ. ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು 15ನೇ ವಯಸ್ಸಿನಲ್ಲಿ. ಪೊಲೀಸರಿಗೆ ದೂರು ಕೊಟ್ಟೆವು. ಸಾಕ್ಷ್ಯ ಸಾಲದು ಎಂದು ಕೇಸು ಕೋರ್ಟಿಗೆ ಹೋಗಲಿಲ್ಲ. ಕ್ಲಬ್ಬಿನವರು ಅವನನ್ನು ತೆಗೆದುಹಾಕಿದರು, ಮಕ್ಕಳ ಜೊತೆ ಕೆಲಸ ಮಾಡಬಾರದವರ ಪಟ್ಟಿ ಇಡುವ ಡಿಬಿಎಸ್‌ಗೆ ವರದಿ ಮಾಡಿದ್ದೇವೆ ಎಂದರು. ಈಗ ಎರಡು ವರ್ಷ. ಏನಾಯಿತು ಎಂದು ಕೇಳಿದರೆ ‘ಅದು ಗೌಪ್ಯ’ ಅನ್ನುತ್ತಾರೆ, ಅಷ್ಟೇ. ‘ಅಮ್ಮಾ, ಅವನು ಈಗಲೂ ಮಕ್ಕಳಿಗೆ ಕಲಿಸ್ತಾ ಇದ್ದಾನಾ?’ ಅಂತ ಮಗಳು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ನಾನು ಕಂಪನಿಯ ಲೈಂಗಿಕ ಕಿರುಕುಳ ದೂರು ಸಮಿತಿಯಲ್ಲಿದ್ದೆ. ಅಲ್ಲಿ ದೂರು ಕೊಟ್ಟವರಿಗೆ ವಿಚಾರಣೆಯ ವರದಿ ಸಿಗುತ್ತಿತ್ತು. ಇಲ್ಲಿ ನಮಗೆ ಫಲಿತಾಂಶ ತಿಳಿಯುವ ಹಕ್ಕೇ ಇಲ್ಲವೇ?

ಉತ್ತರ: ಸುತ್ತಿ ಬಳಸಿ ಹೇಳುವುದಿಲ್ಲ. ಇಲ್ಲ, ಕಾನೂನು ನಿಮಗೆ ಆ ಹಕ್ಕು ಕೊಟ್ಟಿಲ್ಲ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಯಾಕೆ ಎಂದು ಮುಂದೆ ಬರೆಯುತ್ತೇನೆ. ಆದರೆ ಹಕ್ಕು ಇಲ್ಲ ಎಂದ ಮಾತ್ರಕ್ಕೆ ನೀವು ಕೈಕಟ್ಟಿ ಕೂರಬೇಕಾಗಿಲ್ಲ. ನೀವು ಕೇಳಬಹುದಾದ ಪ್ರಶ್ನೆಗಳು ಇನ್ನೂ ಇವೆ. ಅವುಗಳಲ್ಲಿ ಕೆಲವಕ್ಕೆ ಉತ್ತರ ಸಿಗುತ್ತದೆ.

ಮೊದಲು ಈ ವ್ಯವಸ್ಥೆ ಹೇಗೆ ಹುಟ್ಟಿತು ಎಂದು ನೋಡೋಣ. ಸಂತ್ರಸ್ತರು ಯಾಕೆ ಹೊರಗೆ ಉಳಿದರು ಎಂಬುದು ಅಲ್ಲೇ ಗೊತ್ತಾಗುತ್ತದೆ.

2002ರ ಆಗಸ್ಟ್‌ನಲ್ಲಿ ಕೇಂಬ್ರಿಜ್‌ಶೈರ್‌ನ ಸೋಹಮ್ ಎಂಬ ಸಣ್ಣ ಊರಿನಲ್ಲಿ 10 ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಅಲ್ಲಿನ ಹೈಸ್ಕೂಲಿನಲ್ಲಿ ಕಟ್ಟಡ ನೋಡಿಕೊಳ್ಳುವ ಕೆಲಸದಲ್ಲಿದ್ದ. ಅವನ ಮೇಲೆ ಹಿಂದೆಯೇ ಬೇರೆ ಊರಿನಲ್ಲಿ ಲೈಂಗಿಕ ಅಪರಾಧದ ಆರೋಪಗಳು ಬಂದಿದ್ದವು, ಒಂದಲ್ಲ ಹಲವು. ಆ ಊರಿನ ಪೊಲೀಸರಿಗೆ ಗೊತ್ತಿದ್ದದ್ದು ಶಾಲೆಯವರನ್ನು ತಲುಪಲೇ ಇಲ್ಲ. ಅದರ ಬಗ್ಗೆ ನಡೆದ ಬಿಚರ್ಡ್ ವಿಚಾರಣೆಯ ವರದಿ 2004ರಲ್ಲಿ ಬಂತು. ಅದರ ಫಲವೇ 2006ರ ಸೇಫ್‌ಗಾರ್ಡಿಂಗ್ ವಲ್ನರಬಲ್ ಗ್ರೂಪ್ಸ್ ಕಾಯ್ದೆ. ಮಕ್ಕಳ ಜೊತೆ ಕೆಲಸ ಮಾಡಬಾರದವರದು ಒಂದು ಪಟ್ಟಿ, ಅಸಹಾಯಕ ವಯಸ್ಕರ ಜೊತೆ ಕೆಲಸ ಮಾಡಬಾರದವರದು ಇನ್ನೊಂದು. 2012ರ ಡಿಸೆಂಬರ್‌ನಿಂದ ಇವೆರಡನ್ನೂ ನೋಡಿಕೊಳ್ಳುತ್ತಿರುವುದು ಡಿಬಿಎಸ್, ಅಂದರೆ ಡಿಸ್‌ಕ್ಲೋಶರ್ ಆ್ಯಂಡ್ ಬಾರಿಂಗ್ ಸರ್ವಿಸ್. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಮೂರಕ್ಕೂ ಅದೇ. ಸ್ಕಾಟ್ಲೆಂಡಿಗೆ ಬೇರೆ ವ್ಯವಸ್ಥೆ ಇದೆ.

ನೋಡಿ, ಇಡೀ ಕಾಯ್ದೆಯ ಗಮನ ಇರುವುದು ‘ಮುಂದೆ’ ಏನಾಗಬಾರದು ಎಂಬುದರ ಮೇಲೆ. ಕಾನೂನಿನ ಕಣ್ಣಿನಲ್ಲಿ ನಿಷೇಧ ಶಿಕ್ಷೆಯಲ್ಲ, ಬರೀ ಮುನ್ನೆಚ್ಚರಿಕೆ. ಶಿಕ್ಷೆ ಅಲ್ಲದ ಮೇಲೆ ಅದಕ್ಕೆ ಆರೋಪಿ, ದೂರುದಾರ ಎಂಬ ಎರಡು ಪಕ್ಷ ಇರುವುದಿಲ್ಲ. ಒಂದು ಕಡೆ ಡಿಬಿಎಸ್, ಇನ್ನೊಂದು ಕಡೆ ಆ ಮನುಷ್ಯ. ನಿಮ್ಮ ಮಗಳು ಅಲ್ಲಿ ಪಕ್ಷವಲ್ಲ. ಅವಳು ಹೇಳಿದ್ದು ಕಡತದೊಳಗಿನ ಒಂದು ಕಾಗದ. ಬರೆಯಲು ನನಗೇ ಕಷ್ಟವಾಗುತ್ತದೆ, ಆದರೆ ವ್ಯವಸ್ಥೆ ಅವಳನ್ನು ನೋಡುವುದು ಹೀಗೆ.

ನಿರ್ಧಾರವನ್ನು ಯಾರಿಗೆಲ್ಲ ತಿಳಿಸಬಹುದು ಎಂಬುದನ್ನು ಕಾಯ್ದೆಯೇ ಹೇಳುತ್ತದೆ. ನಿಷೇಧಕ್ಕೆ ಒಳಗಾದವನಿಗೆ ತಿಳಿಸುತ್ತಾರೆ. ಅವನನ್ನು ಅಂಥ ಕೆಲಸಕ್ಕೆ ಇಟ್ಟುಕೊಂಡವರಿಗೆ ಅಥವಾ ಇಟ್ಟುಕೊಳ್ಳಲು ಹೊರಟವರಿಗೆ ತಿಳಿಯುತ್ತದೆ. ಪೊಲೀಸರಿಗೆ ತಿಳಿಯುತ್ತದೆ. ವೈದ್ಯರು, ನರ್ಸುಗಳ ನೋಂದಣಿ ಸಂಸ್ಥೆಗಳಿಗೆ, ಆಫ್‌ಸ್ಟೆಡ್‌ನಂಥ ತಪಾಸಣಾ ಸಂಸ್ಥೆಗಳಿಗೆ ತಿಳಿಯುತ್ತದೆ. ಸಂತ್ರಸ್ತರಿಗೆ ತಿಳಿಸಿ ಎಂದು ಎಲ್ಲೂ ಬರೆದಿಲ್ಲ. ಪಟ್ಟಿಯನ್ನು ಸಾರ್ವಜನಿಕರು ತೆರೆದು ನೋಡುವಂತೆಯೂ ಇಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಹೇಗೆ ಎಂದು ನಿಮಗೆ ಅನ್ನಿಸಬಹುದು. ಬ್ರಿಟನ್ನಿನ 2000ದ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇನ್ನೊಬ್ಬರ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಇದೆ. ಒಬ್ಬ ಮನುಷ್ಯ ನಿಷೇಧ ಪಟ್ಟಿಯಲ್ಲಿದ್ದಾನೋ ಇಲ್ಲವೋ ಎಂಬುದು ಅವನ ವೈಯಕ್ತಿಕ ಮಾಹಿತಿ. ಆ ದಾರಿಯಲ್ಲಿ ಸುಮ್ನೆ ಸಮಯ ಹೋಗುತ್ತದೆ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಡಿಬಿಎಸ್ ಒಬ್ಬನನ್ನು ನಿಷೇಧಿಸಬೇಕು ಎಂದುಕೊಂಡರೆ ಮೊದಲು ಅವನಿಗೆ ಒಂದು ಪತ್ರ ಕಳಿಸುತ್ತದೆ. ‘ನಿಮ್ಮನ್ನು ನಿಷೇಧಿಸುವ ಯೋಚನೆ ಇದೆ, ಇದಕ್ಕೆ ಆಧಾರ ಇವು, ನಿಮ್ಮ ಉತ್ತರ ಏನು’ ಎಂದು ಕೇಳುತ್ತದೆ. ಉತ್ತರಕ್ಕೆ 8 ವಾರ ಸಿಗುತ್ತದೆ. ಆ ಪತ್ರದ ಜೊತೆ ಡಿಬಿಎಸ್ ನಂಬಿರುವ ದಾಖಲೆಗಳೂ ಹೋಗುತ್ತವೆ. ಅಲ್ಲಲ್ಲಿ ಹೆಸರು, ವಿಳಾಸ ಅಳಿಸಿರಬಹುದು. ಆದರೂ ಯಾರು ಹೇಳಿದ್ದು, ಏನು ಹೇಳಿದ್ದು ಎಂಬುದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಹುಡುಗಿ ಎಷ್ಟೋ ರಾತ್ರಿ ನಿದ್ದೆಗೆಟ್ಟು ಹೇಳಿಕೊಂಡ ಮಾತನ್ನು ಅವನು ಕೂತು ಓದುತ್ತಾನೆ. ಅದಕ್ಕೆ ಉತ್ತರ ಬರೆಯುತ್ತಾನೆ. ಕೊನೆಗೆ ತೀರ್ಮಾನದ ಪತ್ರವೂ ಅವನಿಗೇ ಬರುತ್ತದೆ. ಮಾತು ಹೇಳಿದವಳಿಗೆ ಒಂದು ಸಾಲೂ ಬರುವುದಿಲ್ಲ.

ಅವನಿಗೆ ಉತ್ತರ ಕೊಡುವ ಅವಕಾಶ ಇರಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಹಿಂದೆ ಅಂಥ ಅವಕಾಶ ಕೊಡದೆಯೇ ಆರೈಕೆ ಕೆಲಸದವರ ಹೆಸರನ್ನು ತಾತ್ಕಾಲಿಕವಾಗಿ ಪಟ್ಟಿಗೆ ಸೇರಿಸುತ್ತಿದ್ದರು. ಇದು ಅವರ ಮಾನವ ಹಕ್ಕಿಗೆ ವಿರುದ್ಧ ಎಂದು 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಆ ತೀರ್ಪು ಸರಿಯಾದದ್ದೇ. ಪಟ್ಟಿಗೆ ಸೇರಿದವನ ಜೀವನೋಪಾಯಕ್ಕೇ ಪೆಟ್ಟು ಬೀಳುತ್ತದೆ, ಸುಳ್ಳು ಆರೋಪಗಳೂ ಇರುತ್ತವೆ. ನನ್ನ ತಕರಾರು ಅವನಿಗೆ ಹೇಳುವುದರ ಬಗ್ಗೆ ಅಲ್ಲ. ಅವಳಿಗೆ ಹೇಳದೇ ಇರುವುದರ ಬಗ್ಗೆ.

ಹೇಳದಿರಲು ಕೊಡುವ ಕಾರಣಗಳು ಬರೀ ನೆಪಗಳಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಹೆಸರು ಹೊರಬಿದ್ದರೆ ಜನ ಕಾನೂನು ಕೈಗೆತ್ತಿಕೊಳ್ಳುತ್ತಾರೆ ಎಂಬ ಭಯ ಇದೆ. 2000ದಲ್ಲಿ ಒಂದು ಪತ್ರಿಕೆ ಮಕ್ಕಳ ಮೇಲೆ ಲೈಂಗಿಕ ಅಪರಾಧ ಎಸಗಿದವರ ಹೆಸರು, ಫೋಟೊ ಹಾಕತೊಡಗಿತು. ಅದೇ ಬೇಸಿಗೆಯಲ್ಲಿ ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಒಬ್ಬ ಮಕ್ಕಳ ವೈದ್ಯೆಯ ಮನೆ ಬಾಗಿಲಿಗೆ ಬೈಗುಳ ಬಳಿದರು. ಮಕ್ಕಳ ವೈದ್ಯರಿಗೆ ಇಂಗ್ಲಿಷಿನಲ್ಲಿರುವ ಪದ ಮಕ್ಕಳ ಕಾಮುಕರಿಗಿರುವ ಪದದ ಹಾಗೇ ಶುರುವಾಗುತ್ತದೆ, ಅದೇ ಅವರು ಮಾಡಿದ ತಪ್ಪು! ಇಂಥ ಹುಚ್ಚಾಟ ಮತ್ತೆ ಆಗಬಾರದು ಎಂಬುದು ನ್ಯಾಯವೇ. ಆದರೆ ಊರಿಗೆಲ್ಲ ಸಾರುವುದೂ ಒಬ್ಬ ಸಂತ್ರಸ್ತೆಗೆ ಎರಡು ಸಾಲಿನ ಪತ್ರ ಬರೆಯುವುದೂ ಒಂದೇ ಅಲ್ಲ, ಅಲ್ವಾ?

ಇದೇ ದೇಶದ ಬೇರೆ ಕಚೇರಿಗಳು ಇದನ್ನು ಮಾಡಿ ತೋರಿಸಿವೆ. ಕೈದಿಗಳನ್ನು ಬಿಡುಗಡೆ ಮಾಡಬಹುದೇ ಎಂದು ತೀರ್ಮಾನಿಸುವ ಪರೋಲ್ ಬೋರ್ಡ್ ಅನ್ನೇ ತಗೊಳ್ಳಿ. 2018ರ ಮೊದಲು ಅಲ್ಲಿ ಒಂದು ನಿಯಮವಿತ್ತು, ವಿಚಾರಣೆಯಲ್ಲಿ ನಡೆದದ್ದು ಹೊರಗೆ ಬರಬಾರದು ಎಂದು. ಮಹಿಳಾ ಪ್ರಯಾಣಿಕರ ಮೇಲಿನ ಲೈಂಗಿಕ ಅಪರಾಧಗಳಿಗೆ ಜೈಲಿನಲ್ಲಿದ್ದ ಲಂಡನ್ನಿನ ಟ್ಯಾಕ್ಸಿ ಚಾಲಕ ಜಾನ್ ವರ್ಬಾಯ್ಸ್‌ನನ್ನು ಬಿಡುಗಡೆ ಮಾಡಬಹುದು ಎಂದು ಬೋರ್ಡ್ ತೀರ್ಮಾನಿಸಿದಾಗ ಇಬ್ಬರು ಸಂತ್ರಸ್ತೆಯರು ಹೈಕೋರ್ಟಿಗೆ ಹೋದರು. 2018ರ ಮಾರ್ಚ್‌ನಲ್ಲಿ ಕೋರ್ಟು ಆ ತೀರ್ಮಾನವನ್ನೂ ರದ್ದು ಮಾಡಿತು, ಅಷ್ಟು ಬಿಗಿಯಾದ ಗೌಪ್ಯತೆಯ ನಿಯಮ ಕಾನೂನುಬಾಹಿರ ಎಂದೂ ಹೇಳಿತು. ಅದೇ ವರ್ಷದ ಮೇ ತಿಂಗಳಿನಿಂದ ಸಂತ್ರಸ್ತರು ತೀರ್ಮಾನದ ಸಾರಾಂಶ ಕೇಳಿ ಪಡೆಯಬಹುದು. ಇದರಿಂದ ಬೋರ್ಡಿನ ಕೆಲಸ ನಿಂತುಹೋಗಲಿಲ್ಲ.

ಇನ್ನೊಂದು ಹೋಲಿಕೆ. ನಿಮ್ಮ ಮಗಳಿಗೆ ಹೀಗೆ ಮಾಡಿದವನು ಈಜು ಕೋಚ್ ಬದಲು ಇಂಗ್ಲೆಂಡಿನ ಶಾಲೆಯೊಂದರ ಟೀಚರ್ ಆಗಿದ್ದು, ಕೇಸು ಟೀಚಿಂಗ್ ರೆಗ್ಯುಲೇಶನ್ ಏಜೆನ್ಸಿಗೆ ಹೋಗಿ ಅವನಿಗೆ ಪಾಠ ಮಾಡದಂತೆ ನಿಷೇಧ ಬಿದ್ದಿದ್ದರೆ, ಆ ಆದೇಶ ಸರ್ಕಾರದ ವೆಬ್‌ಸೈಟಿನಲ್ಲಿ ಅವನ ಹೆಸರಿನ ಸಮೇತ ಇರುತ್ತಿತ್ತು. ವೈದ್ಯರು, ನರ್ಸುಗಳ ವಿಷಯದಲ್ಲೂ ಹಾಗೆಯೇ. ತಪ್ಪು ಒಂದೇ, ಮಗುವಿನ ನೋವೂ ಒಂದೇ. ಮಾಡಿದವನ ಉದ್ಯೋಗ ಯಾವುದು ಎಂಬುದರ ಮೇಲೆ ನಿಮಗೆ ಉತ್ತರ ಸಿಗುವುದು ನಿಂತಿದೆ. ಇದಕ್ಕೆ ಸಮರ್ಥನೆ ನನಗಂತೂ ಕಾಣುವುದಿಲ್ಲ.

ಬೆಂಗಳೂರಿನ ನಿಮ್ಮ ಅನುಭವವೂ ಸರಿಯಾದದ್ದೇ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗೆಗಿನ ಭಾರತದ 2013ರ ಕಾಯ್ದೆಯ 13ನೇ ಕಲಂ ಪ್ರಕಾರ ವಿಚಾರಣೆ ಮುಗಿದ 10 ದಿನದೊಳಗೆ ವರದಿ ಮಾಲೀಕರಿಗೆ ಹೋಗಬೇಕು, ಸಂಬಂಧಪಟ್ಟ ಎರಡೂ ಕಡೆಯವರಿಗೂ ಸಿಗಬೇಕು. 16ನೇ ಕಲಂ ಅದನ್ನು ಹೊರಗೆ ಪ್ರಕಟಿಸಬಾರದು ಎನ್ನುತ್ತದೆ. ದೂರು ಕೊಟ್ಟವಳಿಗೆ ಹೇಳುವುದು, ಊರಿಗೆ ಹೇಳದಿರುವುದು, ಎರಡೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಇಷ್ಟು ಸಾಕು. ಆದರೆ ಅಲ್ಲಿ ದೂರುದಾರಳು ಒಂದು ಪಕ್ಷ, ಇಲ್ಲಿ ಅಲ್ಲ. ವ್ಯತ್ಯಾಸ ಇರುವುದು ಅಲ್ಲೇ.

ಇನ್ನು ನಿಮ್ಮ ಮಗಳಿಗಾಗಿ ಒಂದು ಮಾತು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಮುಂದೆ ಎಂದಾದರೂ ‘ಅವನನ್ನು ನಿಷೇಧಿಸಿಲ್ಲ’ ಎಂದು ಹೇಗೋ ಗೊತ್ತಾದರೆ, ಅದರ ಅರ್ಥ ‘ನಿನ್ನ ಮಾತನ್ನು ನಂಬಲಿಲ್ಲ’ ಎಂದೇ ಆಗಬೇಕಿಲ್ಲ. ಅಪರಾಧ ಸಾಬೀತಾಗದ ಪ್ರಕರಣಗಳಲ್ಲಿ ಡಿಬಿಎಸ್ ಮೂರು ವಿಷಯ ನೋಡಬೇಕು. ಹಾನಿ ಮಾಡುವಂಥ ನಡತೆ ನಡೆದಿದೆಯೇ? ಆ ಮನುಷ್ಯ ಮಕ್ಕಳ ಜೊತೆಗಿನ ‘ನಿಯಂತ್ರಿತ ಕೆಲಸ’ದಲ್ಲಿ (ಅಂದರೆ ಮಕ್ಕಳಿಗೆ ಕಲಿಸುವ, ನೋಡಿಕೊಳ್ಳುವಂಥ, ಕಾನೂನು ಗುರುತಿಸಿದ ಕೆಲಸದಲ್ಲಿ) ಇದ್ದಾನೆಯೇ, ಇದ್ದನೇ ಅಥವಾ ಮುಂದೆ ಇರಬಹುದೇ? ನಿಷೇಧ ಹಾಕುವುದು ತಕ್ಕದ್ದೇ? ಮೂರಕ್ಕೂ ಹೌದು ಎಂದಾಗಲೇ ನಿಷೇಧ. ಎರಡನೆಯದು ಸೇರಿದ್ದು 2012ರ ಬದಲಾವಣೆಯಲ್ಲಿ. ನಿಯಂತ್ರಿತ ಕೆಲಸ ಎಂಬುದರ ವ್ಯಾಖ್ಯಾನವನ್ನೂ ಆಗಲೇ ಕಿರಿದು ಮಾಡಿದರು. ಅಂದರೆ ನಡೆದದ್ದು ನಿಜ ಎಂದು ಒಪ್ಪಿಯೂ ಬೇರೆ ಕಾರಣಕ್ಕೆ ನಿಷೇಧ ಬೀಳದೇ ಇರಬಹುದು.

ಇದರ ಇನ್ನೊಂದು ಮುಖ ಸಮಾಧಾನ ಕೊಡುವಂಥದ್ದು. ಕೇಸು ಕೋರ್ಟಿಗೆ ಹೋಗಲಿಲ್ಲ, ಹಾಗಾಗಿ ನಿಷೇಧವೂ ಆಗಿರಲಾರದು ಎಂದು ಬಹಳ ತಾಯಂದಿರು ತಿಳಿದುಕೊಂಡಿರುತ್ತಾರೆ. ತಪ್ಪು. ಕ್ರಿಮಿನಲ್ ಕೋರ್ಟಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಡಿಬಿಎಸ್‌ಗೆ ‘ನಡೆದಿರುವ ಸಾಧ್ಯತೆಯೇ ಹೆಚ್ಚು’ ಎನ್ನುವಷ್ಟು ಆಧಾರ ಸಾಕು. ಪೊಲೀಸರು ಕೈಬಿಟ್ಟ ಎಷ್ಟೋ ಪ್ರಕರಣಗಳಲ್ಲಿ ನಿಷೇಧ ಬಿದ್ದಿದೆ. ನಿಷೇಧ ಬಿದ್ದವನು ‘ಅಪ್ಪರ್ ಟ್ರಿಬ್ಯೂನಲ್’ ಎಂಬ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು, ಅದಕ್ಕೆ 3 ತಿಂಗಳ ಗಡುವಿದೆ. ಕಾನೂನಿನಲ್ಲೋ ವಾಸ್ತವಾಂಶದಲ್ಲೋ ತಪ್ಪಾಗಿದೆ ಎಂದು ಮಾತ್ರ ಅಲ್ಲಿ ವಾದಿಸಬಹುದು. 25 ವರ್ಷ ದಾಟಿದವನು ಪಟ್ಟಿಗೆ ಸೇರಿದರೆ ಮರುಪರಿಶೀಲನೆ ಕೇಳಲು ಸಾಮಾನ್ಯವಾಗಿ 10 ವರ್ಷ ಕಾಯಬೇಕು.

ನಿಷೇಧ ಆಗದಿದ್ದರೂ ದಾರಿ ಪೂರ್ತಿ ತೆರೆದಿರುವುದಿಲ್ಲ. ಅವನು ಮಕ್ಕಳ ಜೊತೆಗಿನ ಕೆಲಸಕ್ಕೆ ಅರ್ಜಿ ಹಾಕಿ ಎನ್‌ಹ್ಯಾನ್ಸ್‌ಡ್ ಡಿಬಿಎಸ್ ಸರ್ಟಿಫಿಕೇಟ್ (ಹೆಚ್ಚು ಆಳವಾದ ಹಿನ್ನೆಲೆ ತಪಾಸಣೆಯ ಪತ್ರ) ಕೇಳಿದಾಗ, ಆ ಕೆಲಸಕ್ಕೆ ಸಂಬಂಧಪಟ್ಟ ಮಾಹಿತಿ ಎಂದು ಅನ್ನಿಸಿದರೆ ಪೊಲೀಸರು ಶಿಕ್ಷೆಯಾಗದ ಆರೋಪವನ್ನೂ ಅದರಲ್ಲಿ ನಮೂದಿಸಬಹುದು. ನಿಮ್ಮ ಮಗಳು ಕೊಟ್ಟ ದೂರು ಪೊಲೀಸ್ ದಾಖಲೆಯಲ್ಲಿ ಇರುವುದರಿಂದಲೇ ಇದು ಸಾಧ್ಯ. ಅವಳು ಹೇಳಿದ್ದು ವ್ಯರ್ಥವಾಗಿಲ್ಲ. ಇದನ್ನು ಅವಳಿಗೆ ಇವತ್ತೇ ಹೇಳಬಹುದು, ಯಾರ ಅನುಮತಿಯೂ ಬೇಕಿಲ್ಲ.

ಈಗ ನೀವು ಮಾಡಬಹುದಾದದ್ದು. ಮೊದಲು ಕ್ಲಬ್ಬಿಗೆ ಬರಹದಲ್ಲಿ ಪತ್ರ ಕೊಡಿ. ‘ಫಲಿತಾಂಶ ಏನು’ ಎಂದು ಕೇಳಬೇಡಿ, ಗೌಪ್ಯ ಎಂದು ಮುಗಿಸಿಬಿಡುತ್ತಾರೆ. ‘ಡಿಬಿಎಸ್‌ಗೆ ವರದಿ ಕಳಿಸಿದ್ದು ಯಾವ ದಿನ? ನನ್ನ ಮಗಳ ಹೇಳಿಕೆ ಅದರ ಜೊತೆ ಹೋಗಿದೆಯೇ? ಕಳಿಸಿದ್ದಕ್ಕೆ ಡಿಬಿಎಸ್‌ನಿಂದ ಸ್ವೀಕೃತಿ ಬಂದಿದೆಯೇ?’ ಎಂದು ಕೇಳಿ. ಇವು ಕ್ಲಬ್ಬು ತಾನು ಮಾಡಿದ ಕೆಲಸದ ಬಗೆಗಿನ ಪ್ರಶ್ನೆಗಳು. ಮಗುವಿಗೆ ಹಾನಿ ಮಾಡಿದ ಕಾರಣಕ್ಕೆ ಒಬ್ಬನನ್ನು ಇಂಥ ಕೆಲಸದಿಂದ ತೆಗೆದ ಸಂಸ್ಥೆ ಡಿಬಿಎಸ್‌ಗೆ ತಿಳಿಸಲೇಬೇಕು, 2006ರ ಕಾಯ್ದೆಯ 35ನೇ ಕಲಂ ಅದನ್ನು ಕಡ್ಡಾಯ ಮಾಡಿದೆ. ಸರಿಯಾದ ಕಾರಣವಿಲ್ಲದೆ ತಿಳಿಸದಿದ್ದರೆ ಅದೇ ಅಪರಾಧ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಅಲೆಕ್ಸಿಸ್ ಜೇ ಅವರ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ವಿಚಾರಣೆ 2022ರಲ್ಲಿ ಅಂತಿಮ ವರದಿ ಕೊಟ್ಟಿತು. ಸಂಸ್ಥೆಗಳು ಈ ಕರ್ತವ್ಯವನ್ನು ಸರಿಯಾಗಿ ಪಾಲಿಸುವಂತೆ ಮಾಡಬೇಕು ಎಂಬುದು ಅದರ ಶಿಫಾರಸುಗಳಲ್ಲಿ ಒಂದು. ‘ಕಳಿಸಿದ್ದೇವೆ’ ಎಂಬ ಬಾಯಿಮಾತನ್ನು ನಂಬಿ ಕೂರಬೇಡಿ ಎಂದು ನಾನು ಹೇಳುವುದು ಅದಕ್ಕೇ. ಫಲಿತಾಂಶಕ್ಕಿಂತ ಮೊದಲು, ವರದಿ ನಿಜವಾಗಿ ಹೋಗಿದೆಯೇ ಎಂಬುದು ಖಾತ್ರಿಯಾಗಲಿ.

ಕ್ಲಬ್ಬು ಉತ್ತರ ಕೊಡದಿದ್ದರೆ ನಿಮ್ಮ ಕೌನ್ಸಿಲ್‌ನಲ್ಲಿ ಎಲ್‌ಎಡಿಓ ಎಂಬ ಅಧಿಕಾರಿ ಇರುತ್ತಾರೆ. ಮಕ್ಕಳ ಜೊತೆ ಕೆಲಸ ಮಾಡುವವರ ಮೇಲಿನ ದೂರುಗಳನ್ನು ನೋಡಿಕೊಳ್ಳುವುದೇ ಅವರ ಕೆಲಸ. ಅವರಿಗೆ ಬರೆಯಿರಿ. ಸ್ವಿಮ್ ಇಂಗ್ಲೆಂಡ್‌ನಂಥ ಕ್ರೀಡಾ ಸಂಸ್ಥೆಗೂ ತನ್ನದೇ ಸೇಫ್‌ಗಾರ್ಡಿಂಗ್ ತಂಡ ಇದೆ. ಕ್ಲಬ್ಬು ಚಾರಿಟಿಯಾಗಿ ನೋಂದಣಿಯಾಗಿದ್ದರೆ ಚಾರಿಟಿ ಕಮಿಷನ್‌ಗೂ ತಿಳಿಸಬಹುದು.

ಮಗಳ ಹೆಸರಿನಲ್ಲಿ ‘ಸಬ್ಜೆಕ್ಟ್ ಆ್ಯಕ್ಸೆಸ್’ ಕೋರಿಕೆಯನ್ನೂ ಹಾಕಬಹುದು. ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನು ದಾಖಲೆ ಇದೆ, ಕೊಡಿ ಎಂದು ಕ್ಲಬ್ಬನ್ನೂ ಪೊಲೀಸರನ್ನೂ ಡಿಬಿಎಸ್ಸನ್ನೂ ಕೇಳುವ ಕೋರಿಕೆ ಅದು. ಸಾಮಾನ್ಯವಾಗಿ ಶುಲ್ಕ ಇಲ್ಲ, ಒಂದು ತಿಂಗಳೊಳಗೆ ಉತ್ತರ ಬರಬೇಕು, ತೊಡಕಿನ ಕೋರಿಕೆಯಾದರೆ ಇನ್ನೂ ಸ್ವಲ್ಪ ಸಮಯ ಕೇಳಬಹುದು. ಅವನ ಮೇಲಿನ ತೀರ್ಮಾನ ಇದರಲ್ಲಿ ಸಿಗುವುದಿಲ್ಲ. ಆದರೆ ತನ್ನ ಮಾತನ್ನು ಹೇಗೆ ಬರೆದುಕೊಂಡರು, ಯಾರಿಗೆ ಕಳಿಸಿದರು ಎಂಬುದು ಅವಳಿಗೆ ಕಾಣಿಸಬಹುದು. ಆ ಕಾಗದಗಳನ್ನು ಓದುವುದು ಸುಲಭವಲ್ಲ. ಲಕೋಟೆ ತೆರೆಯುವಾಗ ಅವಳು ಒಬ್ಬಳೇ ಇರದಂತೆ ನೋಡಿಕೊಳ್ಳಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಜೊತೆ ನಿಲ್ಲುವ ಐಸ್ವಾ ಸಲಹೆಗಾರರು ಇದ್ದಾರೆ. ಕೇಸು ಮುಂದುವರಿಯದಿದ್ದರೂ ಅವರ ಸಹಾಯ ಕೇಳಬಹುದು.

ಸಾರಾ ಕಾನೂನಿನ ಬಗ್ಗೆ ನೀವು ಕೇಳಿರಬಹುದು. 2011ರಿಂದ ಇಂಗ್ಲೆಂಡ್, ವೇಲ್ಸ್ ಎರಡರಲ್ಲೂ ಪೂರ್ತಿ ಜಾರಿಯಲ್ಲಿದೆ. ಒಂದು ಮಗುವಿನ ಒಡನಾಟದಲ್ಲಿರುವ ಮನುಷ್ಯನ ಬಗ್ಗೆ ಅನುಮಾನ ಬಂದರೆ ಯಾರು ಬೇಕಾದರೂ ಪೊಲೀಸರನ್ನು ಕೇಳಬಹುದು. ಅಪಾಯ ಕಂಡರೆ ಪೊಲೀಸರು ಆ ಮಗುವನ್ನು ಕಾಪಾಡಬಲ್ಲವರಿಗೆ, ಹೆಚ್ಚಾಗಿ ತಂದೆ ತಾಯಿಗೆ, ವಿಷಯ ತಿಳಿಸುತ್ತಾರೆ. ನಿಮ್ಮ ಮಗಳು ಈಗ ಅವನ ಸಂಪರ್ಕದಲ್ಲಿ ಇಲ್ಲವಾದ್ದರಿಂದ ನಿಮಗೆ ಇದು ನೇರವಾಗಿ ಒದಗುವುದಿಲ್ಲ. ಆದರೆ ಗೆಳತಿಯ ಮಗನೋ ಪಕ್ಕದ ಮನೆಯ ಹುಡುಗಿಯೋ ಅವನ ಹತ್ತಿರ ಈಜು ಕಲಿಯುತ್ತಿದ್ದಾರೆ ಎಂದು ಗೊತ್ತಾದರೆ ಇದನ್ನು ಬಳಸಿ.

ಮಗಳ ಪ್ರಶ್ನೆಗೂ ಇಲ್ಲೇ ಒಂದು ಉತ್ತರ ಇದೆ. ಅವನು ಯಾವುದಾದರೂ ಈಜುಕೊಳದಲ್ಲಿ ಮಕ್ಕಳಿಗೆ ಕಲಿಸುತ್ತಿರುವುದು ನಿಮಗೋ ಅವಳಿಗೋ ಕಣ್ಣಿಗೆ ಬಿದ್ದರೆ, ಅವನು ನಿಷೇಧ ಪಟ್ಟಿಯಲ್ಲಿದ್ದಾನೋ ಇಲ್ಲವೋ ಎಂದು ಗೊತ್ತಿರಬೇಕಾಗಿಲ್ಲ. ತಕ್ಷಣ ಪೊಲೀಸರ 101 ನಂಬರಿಗೆ ಫೋನ್ ಮಾಡಿ, ಹಳೆಯ ದೂರಿನ ನಂಬರ್ ಕೊಟ್ಟು, ಎಲ್ಲಿ, ಯಾವಾಗ ನೋಡಿದಿರಿ ಎಂದು ಹೇಳಿ. ಆ ಕ್ಷಣದಲ್ಲೇ ಯಾವ ಮಗುವಿಗಾದರೂ ಅಪಾಯ ಇದೆ ಅನ್ನಿಸಿದರೆ 999. ಪಟ್ಟಿಯಲ್ಲಿದ್ದಾನೆಯೇ ಎಂದು ಪೊಲೀಸರು ನೋಡಬಲ್ಲರು. ನಿಷೇಧ ಇದ್ದೂ ಅಂಥ ಕೆಲಸ ಮಾಡಿದವನಿಗೆ 5 ವರ್ಷದವರೆಗೆ ಜೈಲು ಆಗಬಹುದು. ಗೊತ್ತಿದ್ದೂ ಅವನನ್ನು ಇಟ್ಟುಕೊಂಡವರಿಗೂ ಅಷ್ಟೇ.

ಕೊನೆಯದಾಗಿ ನಿಮ್ಮ ಕ್ಷೇತ್ರದ ಸಂಸದರಿಗೆ ಬರೆಯಿರಿ. ಡಿಬಿಎಸ್ ನಡೆದುಕೊಂಡ ರೀತಿಯಲ್ಲಿ ಲೋಪ ಕಂಡರೆ, ಮೊದಲು ಅವರಿಗೇ ದೂರು ಕೊಟ್ಟು ಉತ್ತರ ಪಡೆಯಿರಿ. ಅದು ಸರಿ ಅನ್ನಿಸದಿದ್ದರೆ ಪಾರ್ಲಿಮೆಂಟಿನ ಒಂಬಡ್ಸ್‌ಮನ್ ಹತ್ತಿರ ಹೋಗಲು ಸಂಸದರ ಮೂಲಕವೇ ಹೋಗಬೇಕು. ಕಾಯ್ದೆ ಬದಲಾಗಬೇಕು ಎಂಬ ನಿಮ್ಮ ಮಾತೂ ಅಲ್ಲಿಂದಲೇ ಶುರುವಾಗಬೇಕು. ಪತ್ರದಲ್ಲಿ ನಾನು ಮೇಲೆ ಹೇಳಿದ ಪರೋಲ್ ಬೋರ್ಡಿನ ಉದಾಹರಣೆ ಸೇರಿಸಿ. ಸಾಕ್ಷ್ಯ ಕೊಟ್ಟ ಸಂತ್ರಸ್ತೆ ಬಯಸಿದರೆ ‘ನಿಷೇಧಿಸಲಾಗಿದೆ’ ಅಥವಾ ‘ನಿಷೇಧಿಸಿಲ್ಲ’ ಎಂದು ಒಂದು ಸಾಲು, ನಿಷೇಧಿಸದಿದ್ದರೆ ಕಾರಣವನ್ನು ಎರಡು ಸಾಲಿನಲ್ಲಿ, ಬೇರೆಯವರಿಗೆ ಹಂಚಬಾರದು ಎಂಬ ಷರತ್ತಿನ ಮೇಲೆ ತಿಳಿಸಲಿ ಎಂದು ಕೇಳಿ. ಮಗಳ ಹೆಸರು ಬರೆಯಬೇಕಾಗಿಲ್ಲ. ಅವಳೇ ಬರೆಯುತ್ತೇನೆ ಎಂದರೆ ಬರೆಯಲಿ, 18 ತುಂಬುವವರೆಗೆ ಕಾಯಬೇಕೆಂದೇನಿಲ್ಲ.